ಓದುಗರ ಪ್ರಶ್ನೆ: ತೊಂಬತ್ತೊಂಬತ್ತನೇ ಇಸ್ವಿ ಸ್ಪೆಷಲ್

ಹೋದ ಸಂಚಿಕೇಲಿ ಒಂದ್ ಸಾಲು ಹಾಕಿದ್ವಿ, 1999ರ ಬಗ್ಗೆ ಏನ್ ಬೇಕಾದ್ರೂ ಕೇಳಿ ಅಂತ. ಇಷ್ಟೊಂದು ಪತ್ರ, ಮೇಲು, ವಾಟ್ಸಾಪ್ ಬಂದು ಬೀಳತ್ತೆ ಅಂದ್ಕೊಂಡಿರ್ಲಿಲ್ಲ. ಅದ್ರಲ್ಲಿ ಅರ್ಧ ಜನ ಪ್ರಶ್ನೇನೇ ಕೇಳಿಲ್ಲ, "ಆ ಕಾಲಾನೇ ಚೆಂದ ಇತ್ತು ಸಾರ್" ಅಂತ ನಿಟ್ಟುಸಿರು ಬಿಟ್ಟು ಕೆಳಗೆ ಹೆಸ್ರು ಬರ್ದಿದೀರ. ಅವನ್ನ ಪಕ್ಕಕ್ಕಿಟ್ಟಿದೀನಿ, ಬೇಜಾರ್ ಮಾಡ್ಕೋಬೇಡಿ. ಉಳಿದಿದ್ರಲ್ಲಿ ಕೆಲವು ಇಲ್ಲಿವೆ. ಹೆಸ್ರು ಬಿಟ್ಟು ಊರು ಮಾತ್ರ ಹಾಕಿದೀನಿ.

ತಿಪಟೂರು: ಸಾರ್, 99 ಅಂದ್ರೆ ನಿಮಗೆ ಥಟ್ಟಂತ ನೆನಪಾಗೋದು ಏನು? ಒಂದೇ ಹೇಳ್ಬೇಕು.

ಒಂದೇ ಅಂದ್ರೆ ಫೆಬ್ರವರಿ 7, ಭಾನುವಾರ. ಡೆಲ್ಲಿಯ ಫಿರೋಜ್ ಶಾ ಕೋಟ್ಲಾ.

ಅದಕ್ಕೆ ಮುಂಚೆ ಚೆನ್ನೈನಲ್ಲಿ ಏನಾಗಿತ್ತು ಅಂತ ಗೊತ್ತಿದ್ರೇನೇ ಇದರ ರುಚಿ. ಅಸಲಿಗೆ ಮೊದಲನೇ ಟೆಸ್ಟ್ ಡೆಲ್ಲಿಯಲ್ಲೇ ನಡೀಬೇಕಿತ್ತು, ಪಾಕಿಸ್ತಾನ ಬರಬಾರ್ದು ಅಂತ ಶಿವಸೇನೆಯವ್ರು ಪಿಚ್ಚನ್ನೇ ಅಗೆದು ಹಾಕಿದ್ರಿಂದ ಅದು ಚೆನ್ನೈಗೆ ಹೋಯ್ತು, ಅಲ್ಲಿ ಸಚಿನ್ ಬೆನ್ನು ಹಿಡ್ಕೊಂಡೇ 136 ಹೊಡೆದು ಔಟಾದ್ರು, ಇನ್ನೇನ್ ಗೆದ್ವಿ ಅನ್ನೋಷ್ಟರಲ್ಲಿ ಉಳಿದೋರೆಲ್ಲಾ ಒಬ್ರ ಹಿಂದೆ ಒಬ್ರು ವಾಪಸ್ ಬಂದು 12 ರನ್ನಲ್ಲಿ ಸೋತ್ವಿ. ಆ ಸಂಕಟ ಇನ್ನೂ ಹೊಟ್ಟೇಲಿ ಇರೋವಾಗ್ಲೇ ಡೆಲ್ಲಿ ಟೆಸ್ಟು. ಪಾಕಿಸ್ತಾನಕ್ಕೆ ಬೇಕಾಗಿದ್ದು 420, ವಿಕೆಟ್ ಇಲ್ದೆ 101. ಆಮೇಲೆ ಕುಂಬ್ಳೆ ಎಂಡ್ ಬದಲಾಯಿಸಿದ್ರು ನೋಡಿ, 207ಕ್ಕೆ ಎಲ್ಲಾ ಮುಗೀತು. 26.3 ಓವರ್, 74 ರನ್ನು, ಹತ್ತಕ್ಕೆ ಹತ್ತೂ ವಿಕೆಟ್ಟು. ಟೆಸ್ಟಲ್ಲಿ ಆವರೆಗೂ ಅದನ್ನ ಮಾಡಿದ್ದು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ರೇ.

ನನಗೆ ಮಾತ್ರ ಹತ್ತನೇ ವಿಕೆಟ್ಟಿಗಿಂತ ಅದಕ್ಕೆ ಮುಂಚೆ ಶ್ರೀನಾಥ್ ಹಾಕಿದ ಓವರೇ ಇಷ್ಟ. ಒಂಬತ್ತು ಬಿದ್ದಾಗಿದೆ, ಈ ಕಡೆಯಿಂದ ಶ್ರೀನಾಥ್ ಸ್ಟಂಪಿಗೆ ಹಾಕಿದ್ರೆ ದಾಖಲೆ ಹೋಯ್ತು. ಆ ಮನುಷ್ಯ ಅಷ್ಟ್ ದೂರ ಅಷ್ಟ್ ದೂರ ಹಾಕಿದ್ರು, ವೈಡ್ ಕೊಟ್ರೂ ಪರವಾಗಿಲ್ಲ ಅಂತ. ಫಾಸ್ಟ್ ಬೌಲರ್ ಆದೋನು ಬೇಕು ಅಂತ ವಿಕೆಟ್ ಬಿಡೋದು ಅಂದ್ರೆ ಅದೂ ಒಂದು ತ್ಯಾಗಾನೇ, ಮೈಸೂರಿನೋರ್ ಬಿಟ್ರೆ ಬೇರೆಯವ್ರು ಮಾಡ್ತಿರ್ಲಿಲ್ಲ ಅಂತ ನಮ್ಮ ಆಫೀಸಲ್ಲಿ ಒಬ್ರು ಇವತ್ತಿಗೂ ಜಗಳ ಆಡ್ತಾರೆ. ಕೊನೆಗೆ ಅಕ್ರಂ ಬ್ಯಾಟಿಗೆ ತಗುಲಿ ಲಕ್ಷ್ಮಣ್ ಕೈಗೆ.

ಹುಬ್ಬಳ್ಳಿ: ಸರ್ರ, ಒಂದ್ ಕಡೆ ಕಾರ್ಗಿಲ್ ಯುದ್ಧ, ಒಂದ್ ಕಡೆ ವರ್ಲ್ಡ್ ಕಪ್ಪು. ಎರಡೂ ಕೂಡೇ ಹೆಂಗ್ ನೋಡ್ತಿದ್ರಿ ಮಂದಿ? ನಾ ಆಗ ಬಾಲವಾಡಿಯೊಳಗಿದ್ದೆ.

ನೋಡ್ತಿದ್ವಿ. ಈಗ ಹೇಳಿದ್ರೆ ವಿಚಿತ್ರ ಅನ್ಸತ್ತೆ, ಆಗ ಯಾರಿಗೂ ಅನ್ಸಿರ್ಲಿಲ್ಲ.

ಫೆಬ್ರವರೀಲಿ ವಾಜಪೇಯಿ ಬಸ್ಸಲ್ಲಿ ಲಾಹೋರಿಗೆ ಹೋಗಿ ಬಂದಿದ್ರು, ಆ ಫೋಟೋ ಇರೋ ಪೇಪರನ್ನ ನಮ್ಮನೇಲಿ ಅಟ್ಟದ ಶೆಲ್ಫಿಗೆ ಹಾಸಿದ್ರು, ಅದನ್ನ ತೆಗೆಯೋ ಮುಂಚೇನೇ ಯುದ್ಧ ಶುರು. ಮೇ ಮೊದಲ ವಾರ ಅಲ್ಲಿನ ಕುರಿ ಕಾಯೋರು ಬೆಟ್ಟದ ಮೇಲೆ ಯಾರೋ ಇದಾರೆ ಅಂತ ಸೈನ್ಯಕ್ಕೆ ಹೇಳಿದ್ದು, ಆಮೇಲೆ ಗೊತ್ತಾಗಿದ್ದು ಅವ್ರು ಎಷ್ಟು ಶಿಖರ ಹಿಡ್ಕೊಂಡು ಕೂತಿದಾರೆ ಅಂತ. ವರ್ಲ್ಡ್ ಕಪ್ ಶುರು ಆಗಿದ್ದು ಮೇ 14. ತೋಲೋಲಿಂಗ್ ಶಿಖರ ನಮ್ಮ ಕೈಗೆ ವಾಪಸ್ ಬಂದಿದ್ದು ಜೂನ್ 13, ಟೈಗರ್ ಹಿಲ್ ಜುಲೈ 4, ಯುದ್ಧ ಮುಗಿದಿದ್ದು ಜುಲೈ 26. ಅಂದ್ರೆ ಇಡೀ ಟೂರ್ನಮೆಂಟು ಯುದ್ಧದ ಒಳಗೇ ನಡೀತು.

ಜೂನ್ 8ಕ್ಕೆ ಮ್ಯಾಂಚೆಸ್ಟರಲ್ಲಿ ಭಾರತ-ಪಾಕಿಸ್ತಾನ. ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯೋ ಮ್ಯಾಚು. ಊರಲ್ಲಿ ಕರೆಂಟ್ ಹೋದ್ರೆ ಟ್ರಾನ್ಸಿಸ್ಟರ್, ಇಲ್ಲಾಂದ್ರೆ ಟಿವಿ ಅಂಗಡಿ ಮುಂದೆ ನಿಲ್ಲೋದು. ನಮ್ದು 227, ದ್ರಾವಿಡ್ 61, ಅಜರ್ 59. ಆಮೇಲೆ ವೆಂಕಟೇಶ್ ಪ್ರಸಾದ್ 27 ರನ್ನಿಗೆ 5, ಶ್ರೀನಾಥ್ 3, ಕುಂಬ್ಳೆ 2. ಲೆಕ್ಕ ಹಾಕಿ, ಹತ್ತೂ ವಿಕೆಟ್ ಕರ್ನಾಟಕದೋರದ್ದೇ! 47 ರನ್ನಲ್ಲಿ ಗೆದ್ವಿ. ಕಪ್ಪು ಬರ್ಲಿಲ್ಲ ಬಿಡಿ, ಸೂಪರ್ ಸಿಕ್ಸ್ ಅಂತಿದ್ದ ಎರಡನೇ ಸುತ್ತಲ್ಲಿ ಉಳಿದಿದ್ದು ಸೋತು ಮನೆಗೆ ಬಂದ್ವಿ, ಆದ್ರೂ ಆ ಟೂರ್ನಮೆಂಟಲ್ಲಿ ಎಲ್ಲಾರ್ಗಿಂತ ಜಾಸ್ತಿ ರನ್ ಹೊಡೆದಿದ್ದು ದ್ರಾವಿಡ್, 461. ಆಗ ಜನ ಅವರನ್ನ ಒನ್‌ಡೇಗೆ ನಿಧಾನ ಅಂತ ಬೈತಿದ್ರು, ಅದನ್ನೂ ಬರ್ಕೊಳ್ಳಿ.

ಯುದ್ಧ ಟಿವೀಲಿ ಬಂದಿದ್ದು ನಮಗೆ ಅದೇ ಮೊದಲು. ಬೋಫೋರ್ಸ್ ಗನ್ ಹೊಡೆಯೋದು, ಬಂಕರಿಂದ ರಿಪೋರ್ಟರ್ ಮಾತಾಡೋದು. ಅದೇ ಹೊತ್ತಿಗೆ ಪಾಕಿಸ್ತಾನದ ಪಿಟಿವಿ ಕೇಬಲ್ಲಲ್ಲಿ ತೋರಿಸ್ಬಾರ್ದು ಅಂತ ಸರ್ಕಾರ ಬ್ಯಾನ್ ಮಾಡ್ತು, ಬ್ಯಾನ್ ಆದ್ಮೇಲೇ ಎಷ್ಟೋ ಜನಕ್ಕೆ ಗೊತ್ತಾಗಿದ್ದು ಅದು ಬರ್ತಿತ್ತು ಅಂತ. ಆದ್ರೆ ಟಿವಿಗಿಂತ ಜಾಸ್ತಿ ತಟ್ಟಿದ್ದು ಬೇರೆ. ಸತ್ತ ಸೈನಿಕರ ದೇಹಾನ ಅವರವರ ಊರಿಗೇ ಕಳ್ಸಿದ್ರು. ಸರ್ಕಾರದ ಲೆಕ್ಕ 527 ಜನ. ತ್ರಿವರ್ಣ ಹೊದಿಸಿದ ಪೆಟ್ಟಿಗೆ ಬಂದ ಊರಲ್ಲಿ ಅಂಗಡಿ ಯಾರೂ ಮುಚ್ಚಿ ಅಂತ ಹೇಳ್ಬೇಕಿರ್ಲಿಲ್ಲ, ಸ್ಕೂಲ್ ಮಕ್ಕಳು ಡಬ್ಬ ಹಿಡ್ಕೊಂಡು ನಿಧಿ ಎತ್ತೋಕೆ ಬಂದ್ರೆ ಪುಡಿಗಾಸಿನ ಜೊತೆ ನೋಟೂ ಬೀಳ್ತಿತ್ತು. ಮ್ಯಾಚ್ ನೋಡಿ ಶಿಳ್ಳೆ ಹೊಡೆದೋರೇ ಮಾರನೇ ದಿನ ಮೆರವಣಿಗೇಲೂ ಇರ್ತಿದ್ರು.

ಕೊಳ್ಳೇಗಾಲ: ರಾಜಣ್ಣನ ಅಪಹರಣ ಆದ ದಿನ ನೀವೆಲ್ಲಿದ್ರಿ? ಕೆಬಿಸಿ ಮೊದಲ ಎಪಿಸೋಡ್ ನೋಡಿದ್ರಾ?

ಅಣ್ಣಾ, ಎರಡೂ 2000ದ್ದು. ಡಾ. ರಾಜ್ ಅವರನ್ನ ಗಾಜನೂರಿಂದ ಕರ್ಕೊಂಡ್ ಹೋಗಿದ್ದು 2000ದ ಜುಲೈ 30, ಬಿಟ್ಟಿದ್ದು ನವೆಂಬರ್ 15, ಮಧ್ಯೆ 108 ದಿನ. ಕೆಬಿಸಿ ಶುರು ಆಗಿದ್ದೂ ಅದೇ ಜುಲೈ. ಪೋಖ್ರಾನ್ ಬಾಂಬು, ಈರುಳ್ಳಿ ರೇಟ್ ಗಲಾಟೆ ಕೇಳಿದೋರಿಗೂ ಇಲ್ಲೇ ಉತ್ತರ, ಅವೆರಡೂ 1998. ನಿಮ್ಮ ಪತ್ರಗಳಲ್ಲಿ ಮೂರು ವರ್ಷದ ಸಾಮಾನು ಒಂದೇ ವರ್ಷದ ಮೂಟೇಲಿ ತುಂಬಿದೆ, ಅದಕ್ಕೇ ನಿಮಗೆ 99 ಅಷ್ಟು ತುಂಬಿ ತುಳುಕೋ ಥರ ಕಾಣೋದು.

ಬಳ್ಳಾರಿ: ನಮ್ಮೂರಿನ ಎಲೆಕ್ಷನ್ ಬಗ್ಗೆ ಬರೀದೇ ಇದ್ರೆ ಈ ಕಾಲಮ್ ಓದೋದೇ ಬಿಡ್ತೀನಿ.

ಬೆದರಿಕೆ ಬೇಡ ಸ್ವಾಮಿ, ಬರೀತೀನಿ, ನನಗೂ ಅದೇ ಬರೀಬೇಕಿತ್ತು.

ಹಿಂದಿನದು ಸ್ವಲ್ಪ. ಏಪ್ರಿಲ್ 17ಕ್ಕೆ ವಾಜಪೇಯಿ ಸರ್ಕಾರ ಒಂದೇ ಒಂದು ವೋಟಲ್ಲಿ ಬಿತ್ತು, 269ಕ್ಕೆ 270. ಸೆಪ್ಟೆಂಬರಲ್ಲಿ ನಮಗೆ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ. ಸೋನಿಯಾ ಗಾಂಧಿ ಅಮೇಥಿ ಜೊತೆಗೆ ದಕ್ಷಿಣದಲ್ಲಿ ಇನ್ನೊಂದು ಕಡೆ ನಿಲ್ತಾರೆ ಅಂತ ಸುದ್ದಿ, ಎಲ್ಲಿ ಅಂತ ಬಾಯ್ ಬಿಡ್ತಿಲ್ಲ, ಕಡಪಾ ಅಂತ ಎಲ್ಲಾ ಪೇಪರಲ್ಲೂ ಊಹೆ. ಆಗಸ್ಟ್ 18ಕ್ಕೆ ನೋಡಿದ್ರೆ ಹೈದರಾಬಾದಿಂದ ಬಂದು ಇಳಿದಿದ್ದು ಬಳ್ಳಾರೀಲಿ. ಬಿಜೆಪಿಯವ್ರು ಅದೇ ದಿನ ಸುಷ್ಮಾ ಸ್ವರಾಜ್ ಅವರನ್ನ ಕರ್ಕೊಂಡು ಬಂದು ನಾಮಪತ್ರ ಹಾಕ್ಸಿದ್ರು. ಅಲ್ಲಿವರೆಗೂ ಡೆಲ್ಲಿ ಪತ್ರಕರ್ತರಲ್ಲಿ ಎಷ್ಟು ಜನಕ್ಕೆ ಬಳ್ಳಾರಿ ಮ್ಯಾಪಲ್ಲಿ ಎಲ್ಲಿದೆ ಅಂತ ಗೊತ್ತಿತ್ತೋ ದೇವ್ರಿಗೇ ಗೊತ್ತು, ಆಮೇಲೆ ಲಾಡ್ಜಲ್ಲಿ ರೂಮ್ ಸಿಗ್ತಿಲ್ಲ, ಬಾಡಿಗೆಗೆ ಅಂಬಾಸಿಡರ್ ಸಿಗ್ತಿಲ್ಲ.

ಸುಷ್ಮಾ ಅವ್ರು ಹರಿಯಾಣದೋರು, ಕೆಲವೇ ವಾರದಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ರು. ಓದಿದ್ದಲ್ಲ, ಮಾತಾಡಿದ್ದು. ಹಣೆ ತುಂಬ ಕುಂಕುಮ, ಸೆರಗು, ಕನ್ನಡ, ಹೆಂಗಸ್ರು ಮುಗಿಬಿದ್ರು. ಸ್ವದೇಶಿ ಮಗಳು, ವಿದೇಶಿ ಸೊಸೆ ಅನ್ನೋದು ಅವರ ಪಾರ್ಟಿ ಮಾತು. ಆದ್ರೆ ಬಳ್ಳಾರಿ 1952ರಿಂದ ಕಾಂಗ್ರೆಸ್ ಬಿಟ್ಟು ಬೇರೆಯವರಿಗೆ ವೋಟ್ ಹಾಕಿ ಗೊತ್ತಿಲ್ಲದ ಕ್ಷೇತ್ರ. ಇಂದಿರಮ್ಮನ ಸೊಸೆ ಅಂತ ಹಳ್ಳಿಗಳಲ್ಲಿ ಮುದುಕೀರು ಲಟಿಗೆ ಮುರಿದ್ರು. ಸೋನಿಯಾ ಗೆದ್ದಿದ್ದು 56,100 ವೋಟಲ್ಲಿ.

ಗೆದ್ದೋರು ಅಮೇಥಿ ಇಟ್ಕೊಂಡು ಬಳ್ಳಾರಿ ಬಿಟ್ರು. ಸೋತೋರು ಆಮೇಲೆ ವರ್ಷ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರ್ತಿದ್ರು. ಇಷ್ಟೇ ಹೇಳಿ ನಿಲ್ಸಿದ್ರೆ ಒಳ್ಳೇ ಕಥೆ, ಆದ್ರೆ ಪೂರ್ತಿ ಹೇಳ್ಬೇಕಲ್ಲ. ಆ ಎಲೆಕ್ಷನ್ನಲ್ಲಿ ಸುಷ್ಮಾ ಅವರ ಹಿಂದೆ ಮುಂದೆ ಓಡಾಡ್ಕೊಂಡು ಕೆಲಸ ಮಾಡಿದ ಹುಡುಗ್ರಲ್ಲಿ ಮುಂದೆ ಗಣಿ ಧಣಿಗಳಾದ ರೆಡ್ಡಿ ಸಹೋದರರೂ ಇದ್ರು. ಆಗಿನ್ನೂ ಚೀನಾಕ್ಕೆ ಅದಿರು ಕಳ್ಸೋ ಹುಚ್ಚು ಶುರುವಾಗಿರ್ಲಿಲ್ಲ. 2004ಕ್ಕೆ ಕರುಣಾಕರ ರೆಡ್ಡಿ ಅದೇ ಬಳ್ಳಾರಿಯಿಂದ ಬಿಜೆಪಿ ಎಂಪಿ. ಸೋತ ಎಲೆಕ್ಷನ್ನಲ್ಲೇ ಪಾರ್ಟಿ ಬೇರು ಬಿಡ್ತು, ಗೆದ್ದ ಪಾರ್ಟಿ ಸೀಟು ಬಿಟ್ಟು ಹೋಯ್ತು, ನನಗೆ ಕೇಳಿದ್ರೆ ಕಾಂಗ್ರೆಸ್ಸು ಬಳ್ಳಾರೀನ ಕಳ್ಕೊಂಡಿದ್ದು 2004ರಲ್ಲಲ್ಲ, ಆ ರಾಜೀನಾಮೆ ಕೊಟ್ಟ ದಿನಾನೇ. ಒಪ್ಪದೇ ಇದ್ರೆ ಪತ್ರ ಬರೀರಿ, ಕಾಲಮ್ ಮಾತ್ರ ಬಿಡ್ಬೇಡಿ.

ದಾವಣಗೆರೆ: ಜೆ.ಎಚ್. ಪಟೇಲ್ರ ಸರ್ಕಾರ ಯಾಕ್ ಹಂಗೆ ಮಕಾಡೆ ಮಲಗಿತು?

ಮನೆ ಜಗಳ. ಜುಲೈನಲ್ಲಿ ಜನತಾದಳ ಒಡೆದು ಹೋಳಾಯ್ತು. ಪಟೇಲ್ರು, ಹೆಗಡೆಯವ್ರು ಒಂದ್ ಕಡೆ ಹೋಗಿ ಬಿಜೆಪಿ ಜೊತೆ ಕೈ ಜೋಡಿಸಿದ್ರು, ದೇವೇಗೌಡ್ರು ಈ ಕಡೆ ಜೆಡಿಎಸ್ ಕಟ್ಟಿದ್ರು. ಬಿಜೆಪಿ ಕಾರ್ಯಕರ್ತರೋ, ನಾಲ್ಕು ವರ್ಷ ಬೈದಿದ್ದ ಸರ್ಕಾರದ ಪರವಾಗಿ ಹೆಂಗಪ್ಪಾ ವೋಟ್ ಕೇಳೋದು ಅಂತ ತಲೆ ಕೆರ್ಕೊಂಡ್ರು. ರಿಸಲ್ಟು: 224ರಲ್ಲಿ ಕಾಂಗ್ರೆಸ್ 132, ಬಿಜೆಪಿ 44, ಪಟೇಲ್ರ ಜೆಡಿಯು 18, ಗೌಡ್ರ ಜೆಡಿಎಸ್ 10. ಗೌಡ್ರು ಹಾಸನದಲ್ಲೇ ಸೋತ್ರು. ಪಾಂಚಜನ್ಯ ಯಾತ್ರೆ ಮಾಡ್ಕೊಂಡು ಬಂದ ಎಸ್.ಎಂ. ಕೃಷ್ಣ ಅಕ್ಟೋಬರ್ 11ಕ್ಕೆ ಮುಖ್ಯಮಂತ್ರಿ.

ಆದ್ರೆ ನೀವು ದಾವಣಗೆರೆಯೋರು, ಪಟೇಲ್ರನ್ನ ಬೈಯೋ ಮುಂಚೆ ಯೋಚ್ನೆ ಮಾಡಿ, 1997ರಲ್ಲಿ ನಿಮ್ಮೂರನ್ನ ಜಿಲ್ಲೆ ಮಾಡಿದ್ದೇ ಅವ್ರು. ಅದರ ಜೊತೆಗೆ ಇನ್ನೂ ಆರು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ. 1967ರಲ್ಲಿ ಲೋಕಸಭೇಲಿ ಎದ್ದು ನಿಂತು ಮೊದಲ ಸಲ ಕನ್ನಡದಲ್ಲಿ ಮಾತಾಡಿದ್ದೂ ಇದೇ ಪಟೇಲ್ರು.

ತರೀಕೆರೆ: ಅಂಕಲ್, ಮೊಬೈಲ್ ಇಲ್ದೆ ಹೇಗೆ ಇರ್ತಿದ್ರಿ? ಅಪ್ಪ ಏನೇನೋ ಹೇಳ್ತಾರೆ, ನಂಬೋಕೆ ಆಗಲ್ಲ. ಬಿಎಸ್ಎನ್ಎಲ್ ಫೋನ್ ಮಾತ್ರಾನಾ?

ಮೊದಲು ಒಂದು ತಿದ್ದುಪಡಿ ಪುಟ್ಟಿ, ಬಿಎಸ್ಎನ್ಎಲ್ ಹುಟ್ಟಿದ್ದೇ 2000ದ ಅಕ್ಟೋಬರ್ 1ಕ್ಕೆ. 99ರಲ್ಲಿ ಅದು ಸರ್ಕಾರದ ಇಲಾಖೆ, ಜನ ಟೆಲಿಫೋನ್ ಡಿಪಾರ್ಟ್‌ಮೆಂಟ್ ಅಂತಿದ್ರು.

ನಿಮ್ಮಪ್ಪ ಹೇಳೋದು ನಂಬು. ಮನೇಲಿ ಫೋನ್ ಇರ್ಲಿಲ್ಲ ಅಂದ್ರೆ ಪಕ್ಕದ ಮನೆ ನಂಬರ್ ಕೊಡೋದು, ಮುಂದೆ ಬ್ರಾಕೆಟಲ್ಲಿ ಪಿ.ಪಿ. ಅಂತ ಬರೆಯೋದು, ಮದುವೆ ಕಾರ್ಡಲ್ಲೂ ಅದೇ. ಫೋನ್ ಬಂದ್ರೆ ಆ ಮನೆ ಹುಡುಗ ಓಡಿ ಬಂದು "ಆಂಟೀ ಫೋನೂ" ಅಂತ ಕೂಗ್ತಿದ್ದ, ಅಷ್ಟೊತ್ತಿಗೆ ಆ ಕಡೆಯೋರು ಇಟ್ಟು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತಿದ್ರು, ಆ ಹತ್ತು ನಿಮಿಷ ಅವರ ಮನೆ ಹಾಲಲ್ಲಿ ಕೂತು ಕಾಫಿ ಕುಡಿಯೋದು. ನಮ್ಮ ಗುಟ್ಟೆಲ್ಲಾ ಅವರಿಗೆ ಗೊತ್ತು. ಯಾರ ಮಗನಿಗೆ ಹೆಣ್ಣು ಗೊತ್ತಾಯ್ತು, ಯಾರಿಗೆ ಆಪರೇಷನ್ನು, ಯಾವ ಅಳಿಯ ದುಡ್ಡು ಕೇಳ್ತಿದಾನೆ, ಬೀದಿಯಲ್ಲಿ ಸುದ್ದಿ ನೇರ ಮನೆಗೆ ಬರ್ತಾನೇ ಇರ್ಲಿಲ್ಲ, ಯಾರದ್ದಾದ್ರೂ ಕಿವಿ ಹಾದೇ ಬರ್ತಿತ್ತು.

ಊರಿಂದಾಚೆ ಮಾತಾಡ್ಬೇಕು ಅಂದ್ರೆ ಎಸ್‌ಟಿಡಿ ಬೂತು. ಹಳದಿ ಬೋರ್ಡು, ಗಾಜಿನ ಗೂಡು, ಒಳಗೆ ಸಣ್ಣ ಫ್ಯಾನು, ತಲೆ ಮೇಲೆ ಕೆಂಪು ಅಂಕಿ ಓಡೋ ಮೀಟರು. ರಾತ್ರಿ ಹೊತ್ತಾದಷ್ಟೂ ರೇಟ್ ಕಮ್ಮಿ, ಅದಕ್ಕೇ ಊಟ ಮುಗಿಸ್ಕೊಂಡು ಬಂದು ಕ್ಯೂ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗ ಮಾತಾಡೋದು "ಊಟ ಆಯ್ತಾ, ಹುಷಾರು, ಇಡ್ತೀನಿ", ಕಣ್ಣೆಲ್ಲಾ ಮೀಟರ್ ಮೇಲೆ. ಪ್ರೀತಿ ಮಾಡೋರು ಮಾತ್ರ ಮೀಟರ್ ನೋಡ್ತಿರ್ಲಿಲ್ಲ, ಬೂತಿನವ್ರಿಗೆ ಅವರೇ ಒಳ್ಳೇ ಗಿರಾಕಿ. ಈ ಬೂತುಗಳನ್ನ ಎಷ್ಟೋ ಕಡೆ ಅಂಗವಿಕಲರಿಗೆ ಕೊಟ್ಟಿದ್ರು, ಅದು ಬಹಳ ಮನೆ ನಡೆಸ್ತು, ಮೊಬೈಲ್ ಬಂದು ಆ ಬೂತುಗಳು ಮುಚ್ಚಿದಾಗ ಅವ್ರ ಗತಿ ಏನಾಯ್ತು ಅಂತ ಯಾರೂ ಬರೀಲಿಲ್ಲ.

ಮೊಬೈಲ್ ಇರ್ಲಿಲ್ಲ ಅಂತೇನಿಲ್ಲ. ಕರ್ನಾಟಕದಲ್ಲಿ ಆಗ ಎರಡು ಕಂಪನಿ, ಜೆಟಿಎಂ ಮತ್ತು ಸ್ಪೈಸ್. ಇಟ್ಕೊಂಡಿದ್ದೋರು ಬಿಲ್ಡರು, ಡಾಕ್ಟ್ರು, ರಾಜಕೀಯದೋರು. ಬಂದ ಕಾಲಿಗೂ ದುಡ್ಡು ಕೊಡ್ಬೇಕಿತ್ತು, ಅದು ನಿಂತಿದ್ದು 2003ಕ್ಕೆ. ಹಾಗಾಗಿ ಫೋನ್ ಬಂದ್ರೆ ನಂಬರ್ ನೋಡೋದು, ಕಟ್ ಮಾಡೋದು, ಪಕ್ಕದ ಕಾಯಿನ್ ಬಾಕ್ಸಿಗೆ ಒಂದ್ರೂಪಾಯಿ ಹಾಕಿ ವಾಪಸ್ ಮಾಡೋದು. ಸೊಂಟಕ್ಕೆ ಇಷ್ಟುದ್ದದ ಮೊಬೈಲ್ ಸಿಗಿಸ್ಕೊಂಡು ಕೈಲಿ ಕಾಯಿನ್ ಹಿಡ್ಕೊಂಡ್ ನಿಂತಿರೋ ದೊಡ್ಡ ಮನುಷ್ಯರನ್ನ ನೋಡೋದೇ ನಮಗೆ ಮನರಂಜನೆ.

ಮೈಸೂರು, ಕುವೆಂಪುನಗರ: ಮಾಯಾಮೃಗ ಬರೋ ಹೊತ್ತಿಗೆ ನಮ್ಮ ಬೀದೀಲಿ ಹಾಲಿನವ್ನೂ ಬರ್ತಿರ್ಲಿಲ್ಲ. ಅಂಥ ಸೀರಿಯಲ್ ಈಗ್ಯಾಕೆ ಬರಲ್ಲ?

ಮೇಡಂ, ಹಾಲಿನವ್ನೂ ಅದನ್ನೇ ನೋಡ್ತಿದ್ದ. 1998ರಲ್ಲಿ ದೂರದರ್ಶನದ ಕನ್ನಡ ಚಾನೆಲಲ್ಲಿ ಶುರುವಾಗಿದ್ದು, ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂರೂ ಜನ ಸೇರಿ ಮಾಡಿದ್ದು. ಟೈಟಲ್ ಸಾಂಗ್ ಕೇಳಿಸ್ತು ಅಂದ್ರೆ ಸ್ಟವ್ ಸಣ್ಣ ಮಾಡಿ ಬಂದು ಕೂರೋರು. ಅದು ಅಷ್ಟು ಹಿಡಿಸಿದ್ದಕ್ಕೆ ನಾನು ಹೇಳೋ ಕಾರಣ ಏನಂದ್ರೆ ಅದ್ರಲ್ಲಿ ಮಾತಾಡೋರು ನಮ್ಮ ಪಕ್ಕದ ಮನೆಯೋರ ಥರ ಮಾತಾಡ್ತಿದ್ರು, ಸೀರೇನೂ ಹಾಗೇ, ಗೋಡೆ ಬಣ್ಣಾನೂ ಹಾಗೇ, ದುಡ್ಡಿಲ್ಲ ಅಂದ್ರೆ ನಿಜವಾಗ್ಲೂ ದುಡ್ಡಿಲ್ಲದೋರ ಮುಖ. ಈಗಿನ ಸೀರಿಯಲ್ಲಲ್ಲಿ ಮಲಗೋವಾಗ್ಲೂ ಜರಿ ಸೀರೆ.

ಇನ್ನೊಂದು ಮಾತು, ನಿಮಗೆ ಸಿಟ್ಟು ಬರಬಹುದು. ಆಗ ಕನ್ನಡಕ್ಕೆ ಅಂತ ಇದ್ದಿದ್ದು ದೂರದರ್ಶನ ಬಿಟ್ರೆ ಉದಯ, ಅದು 1994ರಲ್ಲಿ ಬಂದಿದ್ದು. ಈಟಿವಿ ಕನ್ನಡ 2000ದ ಡಿಸೆಂಬರಿಗೆ. ಎಲ್ಲರೂ ಒಂದೇ ನೋಡಿದ್ವಿ ಅಂತ ಖುಷಿ ಪಡ್ತೀವಲ್ಲ, ಬೇರೆ ಇದ್ದಿದ್ರೆ ನೋಡ್ತಿದ್ವಿ. ಮನೆ ಗಂಡಸ್ರು ಕ್ರಿಕೆಟ್ ಹಾಕಿದ್ರೆ ಆವತ್ತಿನ ಕಂತು ಹೋಯ್ತು ಅಂತಾನೇ ಅರ್ಥ, ಮತ್ತೆ ನೋಡೋ ದಾರಿ ಇರ್ಲಿಲ್ಲ, ಮಾರನೇ ದಿನ ತರಕಾರಿ ಗಾಡಿ ಹತ್ರ ಕಥೆ ಕೇಳಿಸ್ಕೋಬೇಕು. ಆ ಗಾಡಿ ಹತ್ರದ ವರ್ಷನ್ನಲ್ಲಿ ಕಥೆ ಇನ್ನೂ ಸ್ವಲ್ಪ ಚೆನ್ನಾಗಿರ್ತಿತ್ತು ಅಂತ ನಮ್ಮತ್ತಿಗೆ ಹೇಳ್ತಾರೆ.

ಕೋಲಾರ: ಚಿನ್ನ ಎಷ್ಟಿತ್ತು ಸಾರ್? ಹೇಳಿ ಹೊಟ್ಟೆ ಉರಿಸಿ.

ಹತ್ತು ಗ್ರಾಮಿಗೆ ನಾಲ್ಕು ಸಾವಿರದ ಮೇಲೆ, ಐದು ಸಾವಿರದ ಒಳಗೆ. ಉರೀತಾ? ಈಗ ನಿಮ್ಮಪ್ಪನ ಆಗಿನ ಸಂಬಳದ ಚೀಟಿ ಹುಡುಕಿ ನೋಡಿ, ತಣ್ಣಗಾಗತ್ತೆ.

ಮಂಡ್ಯ: ಉಪೇಂದ್ರ ಸಿನಿಮಾ ಬಂದಾಗ ಕಾಲೇಜ್ ಹುಡುಗ್ರು ಹೆಂಗಾಡಿದ್ರು?

1999ರ ಅಕ್ಟೋಬರಲ್ಲಿ ಬಂತು. ಹೀರೋಗೆ ಹೆಸ್ರೇ ಇಲ್ಲ, "ನಾನು" ಅಂತ. ಕಾಲೇಜಲ್ಲಿ ಅಟೆಂಡೆನ್ಸ್ ಕೂಗಿದ್ರೆ "ನಾನು" ಅಂತ ಕಿರುಚಿ ಹೊರಗೆ ಹಾಕಿಸ್ಕೊಂಡೋರು ಇದಾರೆ. ದೊಡ್ಡೋರಿಗೆ ಅರ್ಥ ಆಗ್ಲಿಲ್ಲ, ಹುಡುಗ್ರಿಗೂ ಆಗ್ಲಿಲ್ಲ, ಆದ್ರೆ ಹುಡುಗ್ರು ಅದನ್ನ ಹೇಳ್ಕೊಳ್ಳಿಲ್ಲ.

ರಾಮನಗರ: ಬಿಡದಿ ಬಗ್ಗೆ ಏನಾದ್ರೂ?

ಅಲ್ಲೀವರೆಗೂ ಬಿಡದಿ ಅಂದ್ರೆ ಮೈಸೂರಿಗೆ ಹೋಗೋವಾಗ ತಟ್ಟೆ ಇಡ್ಲಿಗೆ ಇಳಿಯೋ ಜಾಗ. 99ರ ಡಿಸೆಂಬರಲ್ಲಿ ಟೊಯೋಟಾ ಫ್ಯಾಕ್ಟರೀಲಿ ಗಾಡಿ ಮಾಡೋಕೆ ಶುರು ಮಾಡಿದ್ರು, ಮಾರನೇ ತಿಂಗಳು ಕ್ವಾಲಿಸ್ ಬಂತು. ಇಡ್ಲಿ ಹಾಗೇ ಇದೆ, ಸುತ್ತಲಿನ ಜಮೀನಿನ ರೇಟು ಹಾಗಿಲ್ಲ. ಅದೇ ವರ್ಷ ನಿಮ್ಮ ಪಕ್ಕದ ಕನಕಪುರದಲ್ಲಿ ಸಾಹಿತ್ಯ ಸಮ್ಮೇಳನ, ಅಧ್ಯಕ್ಷರು ಭೈರಪ್ಪನವ್ರು.

ಶಿವಮೊಗ್ಗ: ಸರ್, ವೈಟುಕೆ ಅಂತ ಪ್ರಪಂಚಾನೇ ಮುಳುಗತ್ತೆ ಅಂದಿದ್ರು. ಅದೊಂದು ದೊಡ್ಡ ಬುರುಡೆ ಅಲ್ವಾ? ನಾನು ಆಗ ಕಂಪ್ಯೂಟರ್ ಕ್ಲಾಸಿಗೆ ದುಡ್ಡು ಸುರಿದಿದ್ದೆ.

ಬುರುಡೆ ಅಲ್ಲ. ಹಳೇ ಕಂಪ್ಯೂಟರುಗಳಲ್ಲಿ ಜಾಗ ಉಳಿಸೋಕೆ ಇಸ್ವೀನ ಎರಡೇ ಅಂಕೀಲಿ ಬರ್ದಿದ್ರು, 99 ಆದ್ಮೇಲೆ 00 ಬಂದ್ರೆ ಅದು 1900 ಅಂತ ಮೆಷಿನ್ ತಿಳ್ಕೊಂಡ್ರೆ ಬಡ್ಡಿ ಲೆಕ್ಕ, ಪೆನ್ಷನ್ನು, ಟಿಕೆಟ್ಟು ಎಲ್ಲಾ ಎಕ್ಕುಟ್ಟೋಗೋದು. ಕೋಬಾಲ್ ಅನ್ನೋ ಹಳೇ ಕಂಪ್ಯೂಟರ್ ಭಾಷೇಲಿ ಬರೆದ ಲಕ್ಷಾಂತರ ಸಾಲು ಪ್ರೋಗ್ರಾಮ್ ಬಿಚ್ಚಿ ಒಂದೊಂದೇ ಕಡೆ ಇಸ್ವಿ ಹುಡುಕಿ ಸರಿ ಮಾಡ್ಬೇಕಿತ್ತು. ಅಮೆರಿಕದೋರಿಗೆ ಅದಕ್ಕೆ ಜನ ಬೇಕಿತ್ತು, ನಮ್ಮ ಹತ್ರ ಜನ ಇದ್ರು. ಏನೂ ಆಗ್ಲಿಲ್ಲ ಅಂದ್ರೆ ಕೆಲಸ ಆಗಿತ್ತು ಅಂತ ಅರ್ಥ, ತಿಂಗಳುಗಟ್ಲೆ ರಿಪೇರಿ ಮಾಡಿದ ಕೆರೆ ಕಟ್ಟೆ ಮಳೇಲಿ ಒಡೀಲಿಲ್ಲ ಅಂತ ಮಳೇನೇ ಸುಳ್ಳು ಅಂದಂಗಾಯ್ತು ನಿಮ್ಮ ಪ್ರಶ್ನೆ. ಬಹಳ ಜನ ಕನ್ನಡದ ಹುಡುಗ್ರು ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ್ದೇ ಈ ಕೆಲಸಕ್ಕೆ. ಅದೇ ವರ್ಷ ಮಾರ್ಚ್ 11ಕ್ಕೆ ಇನ್ಫೋಸಿಸ್ ಅಮೆರಿಕದ ಷೇರುಪೇಟೆ ನಾಸ್ಡಾಕ್‌ಗೆ ಹತ್ತಿದ್ದು, ಭಾರತದ ಕಂಪನಿ ಅಲ್ಲಿಗೆ ಹೋಗಿದ್ದು ಅದೇ ಮೊದಲು.

ಪ್ರಳಯದ ಪುಕಾರು ಬೇರೆ. ಹಳೇ ಕಾಲದ ಭವಿಷ್ಯಗಾರ ನಾಸ್ಟ್ರಡಾಮಸ್ 1999ರ ಏಳನೇ ತಿಂಗಳು ಅಂತ ಬರ್ದಿದಾನೆ ಅಂತ ಜುಲೈ ಪೂರ್ತಿ ಗುಲ್ಲು, ಆಗಸ್ಟ್ 11ಕ್ಕೆ ಸೂರ್ಯಗ್ರಹಣ ಬಂದಾಗ ಮತ್ತೆ ಗುಲ್ಲು. ಗುಜರಾತಲ್ಲಿ ಪೂರ್ತಿ ಗ್ರಹಣ ನೋಡೋಕೆ ಹೋದೋರಿಗೆ ಮಳೆ ಮೋಡ ಅಡ್ಡ, ನಮಗೆ ಸಂಜೆ ಹೊತ್ತು ಅರೆಬರೆ ಗ್ರಹಣ.

ನಿಮ್ಮ ಕಂಪ್ಯೂಟರ್ ಕ್ಲಾಸಿನ ದುಡ್ಡಿನ ವಿಷ್ಯಕ್ಕೆ ನಾನೇನೂ ಹೇಳಲಾರೆ. ಆದ್ರೆ ಕನ್ನಡಕ್ಕೆ ಆಗ ಒಂದು ಒಳ್ಳೇದಾಯ್ತು, ಶೇಷಾದ್ರಿವಾಸು ಅವ್ರು 1998ರಲ್ಲಿ ಬರಹ ತಂತ್ರಾಂಶ ಪುಕ್ಕಟೆ ಬಿಟ್ರು. ಇಂಗ್ಲಿಷ್ ಕೀಲೇ ಒತ್ತಿದ್ರೆ ಕನ್ನಡ ಬರೋದು. ಸೈಬರ್ ಕೆಫೇಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಹಾಟ್‌ಮೇಲ್ ತೆಗೆದು ಕೂತ್ರೆ ಅರ್ಧ ಹೊತ್ತು ಪೇಜ್ ತೆರೆಯೋಕೇ ಹೋಗೋದು, ಇನ್ನು ಕನ್ನಡ ಪೇಜಾದ್ರೆ ಫಾಂಟ್ ಇಲ್ಲ ಅಂತ ಬರೀ ಚೌಕಗಳು. ಅಂಥ ದಿನದಲ್ಲಿ ಹೊರದೇಶದಲ್ಲಿರೋ ಮಗ ಬರಹದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದು ಪೋಸ್ಟಲ್ಲಿ ಕಳ್ಸಿದ ಕನ್ನಡ ಕಾಗದ ನೋಡಿದೀನಿ, "ಕೈಬರಹ ಎಲ್ಲಿ" ಅಂತ ಅವ್ರಮ್ಮ ಬೇಜಾರ್ ಮಾಡ್ಕೊಂಡಿದ್ರು.

ಬೆಂಗಳೂರು, ಬಸವನಗುಡಿ: ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರೋಡಲ್ಲಿ ಹೊಸ ಸಹಸ್ರಮಾನ ಅಂತ ಕುಣಿದ್ವಲ್ಲ, ಆ ಜೋಷ್ ಮತ್ತೆ ಬರತ್ತಾ?

ಕುಣಿದೋರು ಕುಣಿದ್ರಿ. ಉಳಿದೋರ ಮನೇಲಿ ಒಂದು ವಾರದಿಂದ ಟಿವಿ ಆರಿಸಿರ್ಲಿಲ್ಲ. ಡಿಸೆಂಬರ್ 24ಕ್ಕೆ ಕಾಠ್ಮಂಡುವಿಂದ ಡೆಲ್ಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ, ಐಸಿ 814, ಉಗ್ರರ ಕೈಗೆ ಸಿಕ್ಕಿ ಅಮೃತಸರ, ಲಾಹೋರ್, ದುಬೈ ಎಲ್ಲಾ ಸುತ್ತಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ನಿಂತಿತ್ತು. ಮದುವೆಯಾಗಿ ಸ್ವಲ್ಪ ದಿನ ಆಗಿದ್ದ ರೂಪಿನ್ ಕತ್ಯಾಲ್ ಅನ್ನೋ ಹುಡುಗನ್ನ ಕೊಂದಿದ್ರು. ಒಳಗಿದ್ದೋರ ಮನೆಯವ್ರು ಡೆಲ್ಲೀಲಿ ಅಳೋದನ್ನ ದಿನಾ ತೋರಿಸ್ತಿದ್ರು. ಕೊನೆಗೆ 31ನೇ ತಾರೀಕು ವಿದೇಶಾಂಗ ಮಂತ್ರಿ ಜಸ್ವಂತ್ ಸಿಂಗ್ ಮೂರು ಜನ ಉಗ್ರರನ್ನ ವಿಮಾನದಲ್ಲಿ ಕರ್ಕೊಂಡು ಹೋಗಿ ಬಿಟ್ಟು ನಮ್ಮೋರನ್ನ ಬಿಡಿಸ್ಕೊಂಡು ಬಂದ್ರು. ಅದಕ್ಕೆ ಎರಡು ತಿಂಗಳ ಹಿಂದೆ, ಅಕ್ಟೋಬರ್ 29ಕ್ಕೆ, ಒರಿಸ್ಸಾದಲ್ಲಿ ಸೂಪರ್ ಸೈಕ್ಲೋನ್ ಬಂದು ಸಾವಿರಾರು ಜನ ಹೋಗಿದ್ರು. "ಆ ಕಾಲಾನೇ ಚೆಂದ" ಅಂತ ಬರೆದೋರಲ್ಲಿ ಒಬ್ರೂ ಸೈಕ್ಲೋನ್ ಹೆಸ್ರು ಎತ್ತಿಲ್ಲ. ಆ ವರ್ಷ ನಮಗೆಲ್ಲಾ ವಯಸ್ಸು ಚೆನ್ನಾಗಿತ್ತು, ಅದನ್ನ ತಗೊಂಡೋಗಿ ಇಸ್ವಿ ಲೆಕ್ಕಕ್ಕೆ ಬರ್ಕೊಂಡಿದೀವಿ. ಜೋಷಿನ ವಿಷ್ಯ ನಿಮ್ಮ ಮಂಡಿ ಕೇಳಿ.

ಧಾರವಾಡ: ನಾ ಗಣಿತ ಮಾಸ್ತರ, ರಿಟೈರ್ಡ್. ಹೊಸ ಶತಮಾನ 2000ಕ್ಕ ಶುರುವಾತೋ 2001ಕ್ಕೋ? ಒಂದ್ ಸಲ ಛಾಪಿಸಿ ಮುಗಿಸ್ರಿ.

2001ರ ಜನವರಿ 1. ಇಸ್ವಿ ಲೆಕ್ಕದಲ್ಲಿ ಸೊನ್ನೆ ಅನ್ನೋ ವರ್ಷಾನೇ ಇಲ್ಲ, ಒಂದರಿಂದ ಶುರು ಮಾಡಿ ನೂರು ತುಂಬ್ಸಿದ್ರೆ ಹಾಗೇ ಬರತ್ತೆ. ಆಗ್ಲೂ ನಿಮ್ಮಂಥ ಮೇಷ್ಟ್ರುಗಳು ಪೇಪರಿಗೆ ಪತ್ರ ಬರೆದು ಬರೆದು ಹೇಳಿದ್ರು, ಒಬ್ರೂ ಕೇಳ್ಲಿಲ್ಲ, ಯಾಕಂದ್ರೆ ಮೂರು ಸೊನ್ನೆ ಒಟ್ಟಿಗೆ ತಿರುಗೋದನ್ನ ನೋಡೋಕೆ ಎಲ್ಲರಿಗೂ ಆಸೆ, ಹೋಟೆಲ್ನೋರು ಟಿಕೆಟ್ ಬೇರೆ ಮಾರಿ ಆಗಿತ್ತು. ಹೇಗಿದ್ರೂ 2001ಕ್ಕೆ ಇನ್ನೊಂದ್ ಸಲ ಪಾರ್ಟಿ ಮಾಡಿದ್ರಲ್ಲ, ನಿಮ್ಮ ಲೆಕ್ಕಕ್ಕೂ ಒಂದು ಆಯ್ತು ಬಿಡ್ರಿ ಮಾಸ್ತರ.